ಮುಟ್ಟಿದರೆ ಮುನಿಯ ಐವತ್ತು ಗ್ರಾಂ

ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವುದು ಅವಳ ಕೆಲಸ. ಹದಿನಾರು ವರ್ಷದಿಂದ ಅದೇ ಮೇಜು, ಅದೇ ದಪ್ಪ ಸೂಜಿ, ಮೇಣ ಸವರಿದ ದಾರ. ಜೊತೆಯವರು ಅವಳನ್ನು ‘ಮುಟ್ಟಿದರೆ ಮುನಿ’ ಎನ್ನುತ್ತಿದ್ದರು. ಯಾರಾದರೂ ತೋಳು ಹಿಡಿದರೆ ಸಾಕು, ಐದು ಬೆರಳೂ ಚರ್ಮದ ಮೇಲೆ ಕೆಂಪಗೆ ಏಳುತ್ತಿದ್ದವು. ಅವಳೂ ನಗುತ್ತಿದ್ದಳು.

ನಗು ನಿಂತದ್ದು ಊಟವೆಂದರೆ ಭಯ ಹುಟ್ಟಿದಾಗ. ಮೀನು ತಿಂದ ಒಂದು ದಿನ ಮುಖವೆಲ್ಲ ಕಾದು, ಎದೆ ಡವಡವ ಹೊಡೆದುಕೊಂಡು, ಹೊಟ್ಟೆ ಹಿಂಡಿ, ಬಚ್ಚಲಲ್ಲೇ ಕುಸಿದಳು. ಮೀನು ಬಿಟ್ಟಳು. ಆಮೇಲೆ ಮೊಸರು. ಆಮೇಲೆ ಮೊಟ್ಟೆ, ಕೋಳಿ, ಬೇಳೆಕಾಳು. ಮೂರು ವರ್ಷದಲ್ಲಿ ನಾಲ್ವರು ಡಾಕ್ಟರು “ಟೆನ್ಷನ್ ಮಾಡ್ಕೋಬೇಡಿ” ಎಂದರು. ಐದನೆಯವರು ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿ ಕಾಯಿಲೆಯ ಹೆಸರು ಹೇಳಿದರು: ಮಾಸ್ಟ್ ಕೋಶಗಳ ಕಾಯಿಲೆ, ಮೈ ಕಾಯಬೇಕಾದ ಆ ಕೋಶಗಳು ಸಣ್ಣಪುಟ್ಟದಕ್ಕೂ ಕೆರಳುತ್ತಿವೆ. ಮಾತ್ರೆ ಬರೆದುಕೊಟ್ಟರು. ಹೆಸರು ಸಿಕ್ಕಿದ್ದಕ್ಕೇ ಅವಳ ಮನಸ್ಸು ಅರ್ಧ ಹಗುರವಾಯಿತು. ಆದರೆ ಅಷ್ಟರಲ್ಲಿ ತಟ್ಟೆಯಲ್ಲಿ ಅನ್ನ, ಕ್ಯಾರೆಟ್, ಸೇಬು ಮಾತ್ರ ಉಳಿದಿದ್ದವು.

ಮನೆಯಲ್ಲಿ ಅಡುಗೆ ಅತ್ತೆಯದು. ಬೆಳಿಗ್ಗೆಯೇ ಮೂರು ಹೊತ್ತಿಗಾಗುವಷ್ಟು ಮಾಡಿಟ್ಟು, ಮಿಕ್ಕಿದ್ದನ್ನು ಮರುದಿನ ಬಿಸಿ ಮಾಡಿ, ಒಂದು ಅಗುಳೂ ಚೆಲ್ಲದೆ ಸಂಸಾರ ತೂಗಿಸಿದ ಹೆಂಗಸು. ಸೊಸೆ ತಟ್ಟೆ ಸರಿಸಿದಾಗಲೆಲ್ಲ ಅವರಿಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. “ನನ್ನ ಕೈಯಡುಗೆ ಅಷ್ಟು ವಿಷ ಆಯ್ತಾ ನಿನಗೆ?” ಎಂದು ಒಮ್ಮೆ ಕೇಳಿಯೇಬಿಟ್ಟರು.

ಒಂದು ದಿನ ಕಾಗದ ಕತ್ತರಿಸುವ ಯಂತ್ರದ ಹಿಡಿ ಎಳೆಯಲು ಹೋದವಳಿಗೆ ತೋಳು ಸೋತಿತು. ಎರಡು ಕೈ ಹಾಕಿದರೂ ಹಿಡಿ ಅಲ್ಲಾಡಲಿಲ್ಲ. ತೂಕ ನೋಡಿದರೆ ನಲವತ್ತೊಂದು ಕಿಲೊ. ಡಾಕ್ಟರು ಆಸ್ಪತ್ರೆಯ ಆಹಾರತಜ್ಞೆಯ ಬಳಿ ಕಳಿಸಿದರು. ಅತ್ತೆಯೂ ಹೊರಟರು, ತಮ್ಮ ಅಡುಗೆಯ ಪರ ವಾದಿಸಬೇಕಲ್ಲ.

ಆಹಾರತಜ್ಞೆ ಅವಳು ದಿನಾ ತಿನ್ನುವುದರ ಪಟ್ಟಿ ನೋಡಿ, “ದಿನಕ್ಕೆ ಹದಿನೈದು ಗ್ರಾಂ ಪ್ರೋಟೀನೂ ಸೇರ್ತಿಲ್ಲ. ನಿಮಗೀಗ ಐವತ್ತರ ಹತ್ತಿರ ಬೇಕು. ಊಟದಲ್ಲಿ ಸಿಗ್ದೇ ಇದ್ರೆ ಮೈ ತನ್ನ ಸ್ನಾಯುವನ್ನೇ ಕರಗಿಸ್ಕೊಳ್ಳುತ್ತೆ,” ಎಂದರು.

“ತಿಂದ್ರೆ ಬೀಳ್ತೀನಲ್ಲ ಮೇಡಂ?”

“ಏನು ತಿಂದ್ರಿ ಅನ್ನೋದಷ್ಟೇ ಅಲ್ಲ, ಮಾಡಿ ಎಷ್ಟು ಹೊತ್ತಾಗಿತ್ತು ಅನ್ನೋದೂ ಮುಖ್ಯ. ಮಾಂಸ, ಮೀನು ಇಟ್ಟಷ್ಟೂ ಅದರಲ್ಲಿ ಹಿಸ್ಟಮಿನ್ ಹೆಚ್ಚುತ್ತೆ, ನಿಮ್ಮ ಮಾಸ್ಟ್ ಕೋಶ ಕೆರಳಿದಾಗ ಹೊರಬಿಡೋದೂ ಅದನ್ನೇ. ಬಿಸಿ ಮಾಡಿದ್ರೂ ಹೋಗಲ್ಲ. ಎಲ್ಲರಿಗೂ ಅದರಿಂದ ತೊಂದ್ರೆ ಅಂತಲ್ಲ, ನಿಮಗೆ ಆಗ್ತಿರಬಹುದು. ಆಗಷ್ಟೇ ಮಾಡಿದ್ದನ್ನ, ಒಂದೊಂದೇ, ಚೂರುಚೂರು ನೋಡೋಣ. ಮೊದಮೊದಲು ಇಲ್ಲೇ, ನನ್ನ ಮುಂದೆ.”

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಕಡೆ ನೋಡುತ್ತಲೇ, “ನಿನ್ನೆಯದನ್ನ ಬಿಸಿ ಮಾಡಿ ಕೊಟ್ಟವಳು ನಾನೇ ಅಲ್ವಾ,” ಎಂದರು.

“ನಿಮಗೇನು ಗೊತ್ತಿತ್ತು ಅತ್ತೆ. ನನಗೇ ಗೊತ್ತಿರ್ಲಿಲ್ಲ.”

ಅಂದಿನಿಂದ ಅತ್ತೆ ಹೊತ್ತುಹೊತ್ತಿಗೂ ಒಲೆ ಹಚ್ಚಿದರು. ಕೋಳಿ ಅಂಗಡಿಯವನಿಗೆ ದೊಡ್ಡ ತಲೆನೋವಾದರು: “ಈಗ ಕೊಯ್ದಿದ್ದಾ, ಬೆಳಿಗ್ಗೇದಾ?” ತಂದ ಕೂಡಲೇ ಬೇಯಿಸಿ, ಹೆಪ್ಪುಗಟ್ಟಿಸಿದರೆ ಹಿಸ್ಟಮಿನ್ ಅಷ್ಟಾಗಿ ಹೆಚ್ಚದೆಂದು ಕೇಳಿ, ಉಳಿದದ್ದನ್ನು ಪುಟ್ಟ ಡಬ್ಬಿಗಳಲ್ಲಿ ತಡಮಾಡದೆ ಫ್ರೀಜರಿಗೆ ಹಾಕುತ್ತಿದ್ದರು. ಆಸ್ಪತ್ರೆಯಲ್ಲಿ ಮೊದಲ ಎರಡು ಚಮಚ ಕೋಳಿ ತಿಂದ ಸೊಸೆಯ ಎದುರು ಕೂತು, ರೆಪ್ಪೆ ಮಿಟುಕಿಸದೆ ಗಡಿಯಾರ ನೋಡಿದರು. ಏನೂ ಆಗಲಿಲ್ಲ. ಹೆಸರುಬೇಳೆಯೂ ಒಗ್ಗಿತು. ಮೊಟ್ಟೆಯ ಬಿಳಿ ಮೈತುಂಬ ದದ್ದು ಎಬ್ಬಿಸಿತು, ಹಳದಿ ಸುಮ್ಮನಿತ್ತು.

ಐದನೇ ತಿಂಗಳಿಗೆ ದಿನಕ್ಕೆ ನಲವತ್ತಮೂರು ಗ್ರಾಂ ಸೇರುತ್ತಿತ್ತು. ಆಗ ಒಂದು ಮಧ್ಯಾಹ್ನ ಮತ್ತೆ ಮುಖ ಕೆಂಪೇರಿ ತಲೆ ಸುತ್ತಿತು. ಸಂಜೆ ಅವಳು ಒಗ್ಗಿದ ಪದಾರ್ಥಗಳ ಪಟ್ಟಿಯಿಂದ ಕೋಳಿಯನ್ನು ಹೊಡೆದುಹಾಕಲು ಪೆನ್ನು ಎತ್ತಿಕೊಂಡಳು.

“ಕೋಳಿ ಏನು ಪಾಪ ಮಾಡ್ತು?” ಎಂದರು ಅತ್ತೆ. “ಉರಿಬಿಸಿಲಲ್ಲಿ ಬಸ್ಸಿಗೆ ಒಂದು ಗಂಟೆ ನಿಂತಿದ್ದೆ ಅಂತ ನೀನೇ ಹೇಳ್ದೆ.”

ಅವಳು ಪೆನ್ನು ಕೆಳಗಿಟ್ಟಳು. ಮೂರು ವರ್ಷ ಊಟದಿಂದ ಒಂದೊಂದನ್ನೇ ಕಳೆಯುತ್ತಲೇ ಬಂದಿದ್ದಳು. ಬಿದ್ದ ದಿನಗಳಲ್ಲಿ ಬಿಸಿಲಿತ್ತೇ, ನಿದ್ದೆ ಕೆಟ್ಟಿತ್ತೇ, ಜಗಳವಾಡಿದ್ದಳೇ, ಯಾವುದನ್ನೂ ಕೇಳಿಕೊಂಡಿರಲಿಲ್ಲ. ತಪ್ಪೆಲ್ಲ ತಟ್ಟೆಯ ತಲೆಗೆ ಕಟ್ಟಿದ್ದಳು. ಆಹಾರತಜ್ಞೆಗೆ ಫೋನ್ ಮಾಡಿದಳು. ಅವರೂ, ಬಿಸಿಲಿಗೂ ಹೀಗಾಗುತ್ತೆ, ಎರಡು ದಿನ ಬಿಟ್ಟು ಅರ್ಧ ಪಾಲಿನಿಂದ ಶುರುಮಾಡಿ ಎಂದರು. ಮೂರನೇ ದಿನ ಅರ್ಧ ಪಾಲು ಬಡಿಸಿಕೊಂಡಳು. ತಿಂದಳು. ಅರಗಿತು.

ಈಗ ಅವಳ ತೂಕ ನಲವತ್ತಾರು. ಕೆಲವು ವಾರ ಐವತ್ತು ಗ್ರಾಂ ಮುಟ್ಟುತ್ತದೆ, ಕೆಲವು ವಾರ ಇಲ್ಲ. ಕಾಯಿಲೆ ಬಿಟ್ಟುಹೋಗುವಂಥದ್ದಲ್ಲ, ಅದು ಅವಳಿಗೆ ಗೊತ್ತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳಾಗಿಯೇ, “ಅತ್ತೆ, ಈ ಸಲ ಹಸಿ ಬಟಾಣಿ ನೋಡೋಣ್ವಾ?” ಎಂದಳು.

“ನೋಡೋಣ,” ಎಂದರು ಅತ್ತೆ. “ಸುಲಿಯೋದು ಮಾತ್ರ ನೀನೇ.”