ಬಾಯಿ ಮುಚ್ಚಿಸಿದ ಎಚ್ಚರಿಕೆ

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ತಮ್ಮ ತುಮಕೂರಿನ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಬಟ್ಟೆಚೀಲ ಬಿಟ್ಟರೆ ಏನಿಲ್ಲ. ಸಣ್ಣ ವಿಮಾನಗಳಲ್ಲಿ ಕೋಪೈಲಟ್ ಆದಮೇಲೆ ಅವನು ವಾರದ ಮಧ್ಯೆ ಹೀಗೆ ಬಂದದ್ದೇ ಇಲ್ಲ. ಎರಡು ಇಡ್ಲಿ ತಿಂದು ತಟ್ಟೆಯನ್ನು ತಾನೇ ತೊಳೆದಿಟ್ಟ. ನನ್ನ ಅನುಮಾನ ಅಲ್ಲಿಂದಲೇ ಶುರು.

ಅವರೆಕಾಳು ಹಿತುಕಲು ಕೂತಾಗ ಕುಣಿಗಲ್‌ನಿಂದ ಅಮ್ಮ ಫೋನ್ ಮಾಡಿದಳು. ಮಗ ಡ್ಯೂಟಿ ಮೇಲೆ ಹೋಗಿದ್ದಾನಂತೆ. ಆ ಮಗ ನನ್ನೆದುರಿಗೇ ಕಾಳು ಹಿತುಕುತ್ತಿದ್ದ. ಸ್ವಲ್ಪ ಹೊತ್ತಿಗೆ ಗುಬ್ಬಿಯ ತವರಿನಿಂದ ಅವನ ಹೆಂಡತಿಯ ಫೋನ್. ಅವಳ ಲೆಕ್ಕದಲ್ಲಿ ಅವನು ಕುಣಿಗಲ್‌ನಲ್ಲಿದ್ದ. ಹೇಳಬೇಡ ಎಂದು ಕೈಸನ್ನೆ ಮಾಡಿದ. ಇಬ್ಬರಿಗೂ ಹೂಂಗುಟ್ಟಿ ಫೋನ್ ಇಟ್ಟೆ.

"ಏನ್ಲಾ, ಕೆಲ್ಸ ಕಳ್ಕೊಂಡ್ಯಾ?"

"ಇನ್ನೂ ಇಲ್ಲ ಅಕ್ಕ."

ಆ 'ಇನ್ನೂ' ನನಗೆ ಹಿಡಿಸಲಿಲ್ಲ. ಬಿಡದೆ ಕೇಳಿದ ಮೇಲೆ ಒಂದೊಂದೇ ಹೇಳಿದ.

ಗುಡ್ಡಗಳ ನಡುವಿನ ಒಂದು ಊರಿಗೆ ಅವರ ವಿಮಾನ ಹೋಗುತ್ತದೆ. ಮೋಡ ಕೆಳಗಿದ್ದರೆ ಹೊರಗೆ ಏನೂ ಕಾಣದು. ಕಣ್ಣೆದುರಿನ ಮೀಟರುಗಳ ಅಂಕಿ, ಮುಳ್ಳುಗಳನ್ನೇ ನಂಬಿ ಮೆಟ್ಟಿಲಿಳಿದಂತೆ ಇಳಿಯಬೇಕು. ಇಷ್ಟು ದೂರದಲ್ಲಿ ಇಷ್ಟೇ ಎತ್ತರ. ಮುಂದೆ ಗುಡ್ಡ ಬಂದರೆ ಒಂದು ಯಂತ್ರ "ಟೆರೇನ್, ಟೆರೇನ್" ಎಂದು ಕೂಗುತ್ತದೆ. ಆ ಊರಿನಲ್ಲಿ ಸರಿಯಾದ ದಾರಿಯಲ್ಲಿ ಬಂದರೂ ಅದು ಕೂಗುತ್ತದಂತೆ. ಅದಕ್ಕೇ ಎಲ್ಲರೂ ಮೊದಲೇ ಬಟನ್ ಒತ್ತಿ ಅದರ ಬಾಯಿ ಮುಚ್ಚಿಸುತ್ತಾರೆ.

ಮೊನ್ನೆ ಮೋಡದಲ್ಲೂ ಕ್ಯಾಪ್ಟನ್ ಅಭ್ಯಾಸಬಲದಿಂದ ಒತ್ತಿದರು. ಇವನು ಬೇಡ ಎಂದ, ಅವರು ಕೇಳಲಿಲ್ಲ. ಇವನು ಅದೇ ಬಟನ್ ತಿರುಗಿ ಒತ್ತಿ ಅದರ ಬಾಯಿ ಬಿಡಿಸಿದ ಕೂಡಲೇ ಯಂತ್ರ ಕೂಗಿತು. ಅದು ದಿನಾ ಕೂಗೋದೇ ಎಂದರಂತೆ ಅವರು. ಇವನು ಮೇಲೇರಿಸಿ, ಮೇಲೇರಿಸಿ ಎಂದು ಬಡಕೊಂಡ ಮೇಲೆ ಏರಿಸಿದರು. ಆಮೇಲೆ ನೋಡಿದರೆ ಒಂದು ಮೆಟ್ಟಿಲು ಮುಂಚೆಯೇ ಇಳಿದಿದ್ದರು. ಮುಂದೆ ನಿಜವಾಗಿಯೂ ಗುಡ್ಡವಿತ್ತು.

ಎರಡನೇ ಸಲ ಸುಖವಾಗಿ ಇಳಿದರು. ಕೆಳಗೆ ಬಂದ ಮೇಲೆ ಕ್ಯಾಪ್ಟನ್, ಏನೂ ಆಗಲಿಲ್ಲವಲ್ಲ, ರಿಪೋರ್ಟು ಬರೆಯೋದೇನಿದೆ ಎಂದರು. ಇವನು ಕ್ಯಾಪ್ಟನ್ ಆಗುವ ಕಾಗದಕ್ಕೆ ಅವರದೇ ಸಹಿ ಬೇಕು. ರಿಪೋರ್ಟು ಕಳಿಸಲು ಇವತ್ತು ಸಂಜೆಯೇ ಕೊನೆ.

"ನೀನು ಬರೀದಿದ್ರೆ?"

"ನಾಳೆ ಇನ್ಯಾರೋ ಮೋಡದಲ್ಲಿ ಒತ್ತುತಾರೆ."

ಊಟದ ನಂತರ ಫೋನಿನಲ್ಲೇ ಇಂಗ್ಲಿಷಿನಲ್ಲಿ ಬರೆಯಲು ಕೂತ. ಮೂರು ಗಂಟೆಗೆ ಓದಿ, ಕನ್ನಡದಲ್ಲಿ ಅರ್ಥ ಹೇಳಿದ. ಚೆನ್ನಾಗಿತ್ತು. ಆದರೂ ನನಗೆ ಒಂದು ಪದ ಕಚ್ಚುತ್ತಲೇ ಇತ್ತು. ಬೆಳಿಗ್ಗೆಯಿಂದ ಅವನ ಬಾಯಲ್ಲಿ ಬರೀ 'ಎಲ್ಲರೂ'.

"ಎಲ್ರೂ ಒತ್ತುತಾರೆ ಅಂತ ಬರ್ದಿದೀಯಲ್ಲ, ಅದ್ರಲ್ಲಿ ನೀನಿದೀಯೇನೋ?"

"ಬಿಸಿಲಿದ್ದಾಗ ಒತ್ತಿದೀನಿ," ಎಂದ. "ಸುಮಾರು ಸಲ."

ಹಾಗಾದರೆ ಇಷ್ಟು ಹೊತ್ತು ಅಡಗಿ ಕೂತದ್ದು ಕ್ಯಾಪ್ಟನ್ ಒಬ್ಬರಿಗೇ ಹೆದರಿ ಅಲ್ಲ, ತನ್ನ ತಪ್ಪಿಗೂ ಹೆದರಿ. ಅವನು 'ಎಲ್ಲರೂ' ಅಳಿಸಿ 'ನಾನೂ ಸೇರಿದಂತೆ ನಾವು' ಎಂದು ಬರೆದು ಕಳಿಸಿದ. ಆಮೇಲೆ ಗುಬ್ಬಿಗೆ ಫೋನ್ ಹಚ್ಚಿ, ತುಮಕೂರಲ್ಲಿದೀನಿ ಕಣೇ, ಎಂದ.