ಆ ದಿನ ಬಂಡೆಗೆ ಬೀಗವಿರಲಿಲ್ಲ

ಮಸ್ಕಿಯ ಗುಡ್ಡದಲ್ಲಿರುವ ಅಶೋಕನ ಶಾಸನಬಂಡೆಯ ಕಾವಲುಗಾರ ಹನುಮಪ್ಪನನ್ನು ಕೆಲಸದಿಂದ ತೆಗೆದದ್ದು ಅನ್ಯಾಯ. ಹಾಡುಹಗಲಲ್ಲಿ ಗೇಟಿಗೆ ಬೀಗ ಹಾಕಿ ಎಲ್ಲಿಗೋ ಹೋಗಿದ್ದನೆಂಬ ಆರೋಪದ ಮೇಲೆ ಅವನನ್ನು ತೆಗೆದರು. ಆ ದಿನ ಬೀಗವಿರಲಿಲ್ಲ. ಅವನು ಅಲ್ಲಿಯೇ ಇದ್ದ. ಬೀಗವಿದೆಯೆಂದು ಹೇಳಿದವನು ನಾನು — ಗೊತ್ತಿದ್ದೂ ಹೇಳಿದವನು.

ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಗಳಲ್ಲಿ ಇತಿಹಾಸ ಕಲಿಸಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ಇಂದಿಗೂ ಇದೆ. ಮದುವೆಯ ಆಮಂತ್ರಣದಲ್ಲಿ ನನ್ನ ಹೆಸರನ್ನು ಕಿರಿಯರ ಕೆಳಗೆ ಅಚ್ಚು ಹಾಕಿಸಿದವರು, ಸಭೆಯಲ್ಲಿ ಎರಡನೆಯ ಸಾಲಿನಲ್ಲಿ ಕೂರಿಸಿದವರು, ಎದುರು ಬಂದರೂ ನಮಸ್ಕರಿಸದೆ ಹೋದವರು — ಎಲ್ಲರೂ ಅದರಲ್ಲಿದ್ದಾರೆ, ವಾರ, ತಿಂಗಳು, ಸ್ಥಳ ಸಮೇತ. ಹನುಮಪ್ಪನೂ ಇದ್ದಾನೆ. ಅವನ ಪುಟವನ್ನು ನಾನು ಎಷ್ಟು ಸಲ ತೆರೆದು ಓದಿದ್ದೇನೆಂದರೆ — ಇರಲಿ. ಮೊದಲು ಆ ಹೆಂಗಸಿನ ವಿಷಯ ಹೇಳಬೇಕು.

ಅವಳ ಹೆಸರು ಮಾರ್ತಾ. ಪೋರ್ಚುಗಲ್ಲಿನವಳು, ಲಿಸ್ಬನ್ ನಗರದಲ್ಲಿ ಟ್ರಾಮ್ ಓಡಿಸಿ ನಿವೃತ್ತಳಾದವಳು. ಅರವತ್ತು ದಾಟಿದ ಮೇಲೆ ಒಂದು ಚೀಲ ಬೆನ್ನಿಗೆ ಹಾಕಿಕೊಂಡು ನಮ್ಮ ದೇಶವನ್ನು ಬಸ್ಸು, ರೈಲುಗಳಲ್ಲೇ ಸುತ್ತಿದಳು. ಅನಂತರ ತನಗೆ ಹೆಚ್ಚು ಇಷ್ಟವಾದ ಸ್ಥಳಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಳು. ಪ್ರವಾಸದ ಪುಸ್ತಕಗಳನ್ನು ನಾನು ಬಹಳ ಓದಿದ್ದೇನೆ, ಇಂಥದನ್ನು ಓದಿರಲಿಲ್ಲ. ಅವಳು ಸ್ಥಳಗಳನ್ನು ಅಳೆಯುವುದು ಅಂದದಿಂದಲ್ಲ, ಎತ್ತರದಿಂದಲೂ ಅಲ್ಲ — ಅದನ್ನು ತನಗೆ ತೋರಿಸಿದವರು ಯಾರು ಎಂಬುದರಿಂದ. ವಿಜಯಪುರದ ಗೋಲಗುಮ್ಮಟವೆಂದರೆ ಅವಳಿಗೆ, ಪಿಸುಗುಟ್ಟುವ ಗ್ಯಾಲರಿಯ ಆ ಬದಿಯಲ್ಲಿ ನಿಂತು ಕಾಗದ ಹರಿದು, ಆ ಸದ್ದನ್ನು ಈ ಬದಿಯಲ್ಲಿ ನಿಂತ ಅವಳ ಕಿವಿಗೆ ತಲುಪಿಸಿದ ಮುದುಕ. ಹಂಪಿಯೆಂದರೆ ಹರಿಗೋಲನ್ನು ನದಿಯ ನಡುವೆ ಬೇಕೆಂದೇ ಗಿರ್ರನೆ ತಿರುಗಿಸಿ ಅವಳನ್ನು ಕಿರುಚಿಸಿದ ಅಂಬಿಗ. ಲಡಾಖಿನ ಮಠವೆಂದರೆ ಬೀಗದ ಕೈಯನ್ನು ತನ್ನ ನಿಲುವಂಗಿಯೊಳಗೇ ಅರ್ಧ ಗಂಟೆ ಹುಡುಕಿ, ಕೊನೆಗೆ ಟೋಪಿಯಲ್ಲಿ ಕಂಡುಕೊಂಡ ಭಿಕ್ಷು. ರಾಜಸ್ಥಾನದ ಮೆಟ್ಟಿಲುಬಾವಿಯೆಂದರೆ ಅಲ್ಲಿ ಕಸ ಗುಡಿಸುವವಳು. ತಾಜಮಹಲು ಅವಳ ಪಟ್ಟಿಯಲ್ಲಿ ಬಹಳ ಕೆಳಗಿದೆ. ಕಾರಣವನ್ನೂ ಬರೆದಿದ್ದಾಳೆ: ಅಲ್ಲಿ ತನ್ನೊಡನೆ ಯಾರೂ ನಿಲ್ಲಲಿಲ್ಲ.

ಆ ಪಟ್ಟಿಯಲ್ಲಿ ಮುದಗಲ್ಲಿನ ಕೋಟೆ ತಾಜಮಹಲಿಗಿಂತ ಮೇಲಿದೆ. ಅದನ್ನು ತೋರಿಸಿದವನು ನಾನು. ನನ್ನ ಹೆಸರು, ನನ್ನ ಊರುಗೋಲು, ನಾನು ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ — ಎಲ್ಲವೂ ಆ ಪುಸ್ತಕದಲ್ಲಿವೆ. ಮುಂದಿನ ಪುಟದಲ್ಲಿ ಮಸ್ಕಿಗೆ ನಾಲ್ಕೇ ಸಾಲು ಬರೆದಿದ್ದಾಳೆ: ಶಾಸನ ನೋಡಲೆಂದೇ ಅಲ್ಲಿ ಇಳಿದೆ, ಬೀಗ ಹಾಕಿತ್ತು, ಕಾವಲುಗಾರ ಬರುವುದೇ ಅಪರೂಪವೆಂದು ವೃದ್ಧ ಮೇಷ್ಟ್ರು ನೊಂದು ಹೇಳಿದರು, ಅವರ ನೋವು ಕಂಡು ನನಗೂ ನೋವಾಯಿತು.

ನಾನು ನೊಂದಿರಲಿಲ್ಲ.

ಅವಳು ಸಿಂಧನೂರಿನ ಬಸ್ಸಿನಿಂದ ಇಳಿದದ್ದು ಬೆಳಿಗ್ಗೆ. ಚಹಾದ ಅಂಗಡಿಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಇದ್ದೆ. ಮನೆಗೆ ಕರೆತಂದೆ. ನನ್ನ ಹೆಂಡತಿ ಶರಣಮ್ಮ ಅವಳಿಗೆ ಉಪ್ಪಿಟ್ಟು ಬಡಿಸಿದಳು. ನಾನು ಮೌರ್ಯರಿಂದ ಆರಂಭಿಸಿದೆ. ವಿಜಯನಗರಕ್ಕೆ ಬರುವಷ್ಟರಲ್ಲಿ ಶರಣಮ್ಮ ಅಡುಗೆಮನೆಯಿಂದಲೇ ಅಂದಳು:

“ಅಕಿ ಊರು ನೋಡಾಕ ಬಂದಾಳೋ, ನಿಮ್ಮ ಪರೀಕ್ಷಾ ಬರಿಯಾಕ ಬಂದಾಳೋ? ಕರಕೊಂಡು ಹೋಗಿ ಕಲ್ಲು ತೋರಸ್ರಿ.”

ಮಾರ್ತಾ ಕೂಡ ಅದೇ ಹೊತ್ತಿಗೆ ಕೇಳಿದಳು — ಅಶೋಕನ ಹೆಸರು ಕೆತ್ತಿರುವ ಬಂಡೆ ಇದೇ ಊರಿನಲ್ಲಿದೆಯಂತೆ, ಅಲ್ಲಿ ತೋರಿಸುವವರು ಯಾರಾದರೂ ಇದ್ದಾರೆಯೇ?

ಇದ್ದ. ನಾಲ್ಕನೆಯ ಇಯತ್ತೆ ಮುಗಿಸದ ಮನುಷ್ಯ. ಗುತ್ತೇದಾರನ ಕೈಕೆಳಗೆ ದಿನಗೂಲಿಯ ಕಾವಲುಗಾರ. ಬಂದುಹೋದ ವಿದ್ವಾಂಸರ ಬೆನ್ನಹಿಂದೆ ನಿಂತು, ಅವರು ಓದಿದ್ದನ್ನು ಕೇಳಿಸಿಕೊಂಡು, ಇದ್ದಿಲಿನಿಂದ ಹಾಸುಗಲ್ಲಿನ ಮೇಲೆ ತಿದ್ದಿ ತಿದ್ದಿ ಬ್ರಾಹ್ಮಿ ಅಕ್ಷರಗಳನ್ನು ಕಲಿತವನು. ಆ ಬಂಡೆಯ ಅಕ್ಷರಗಳು ಸವೆದಿವೆ. ನೇರ ಬೆಳಕಿನಲ್ಲಿ ಕಲ್ಲೊಂದೇ ಕಾಣುತ್ತದೆ. ಹನುಮಪ್ಪ ಒಂದು ಕೈಗನ್ನಡಿ ಇಟ್ಟುಕೊಂಡಿದ್ದ. ಬಿಸಿಲಿಗೆ ಅದನ್ನು ಹಿಡಿದು, ಬೆಳಕನ್ನು ಬಂಡೆಯ ಮೈಮೇಲೆ ಅಡ್ಡಲಾಗಿ ಹಾಯಿಸುತ್ತಿದ್ದ. ಆಗ ಒಂದೊಂದೇ ಅಕ್ಷರ ನೆರಳು ಕಟ್ಟಿಕೊಂಡು ಏಳುತ್ತಿತ್ತು. ನಾನು ಓದಿದ ಯಾವ ಗ್ರಂಥವೂ ನನಗೆ ಆ ಶಾಸನವನ್ನು ಹಾಗೆ ತೋರಿಸಿಲ್ಲ. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಅವನ ತಪ್ಪು ಇಷ್ಟೇ. ಒಮ್ಮೆ ನಾನು ಹೊರ ಊರಿನ ಶಿಕ್ಷಕರ ತಂಡವನ್ನು ಅಲ್ಲಿಗೆ ಕರೆದೊಯ್ದು, ಊರುಗೋಲಿನ ತುದಿಯಿಂದ, “ಇಲ್ಲಿ ನೋಡಿ, ಇದೇ ಅಶೋಕನ ಹೆಸರು” ಎಂದು ತೋರಿಸಿದೆ. ವರ್ಷಗಟ್ಟಲೆ ಹಾಗೆಯೇ ತೋರಿಸಿದ್ದೆ. ಹನುಮಪ್ಪ ಕನ್ನಡಿ ತಿರುಗಿಸಿದ.

“ಸರ್, ಅದು ಬಿರುಕ್ರೀ. ಹೆಸರು ಮ್ಯಾಲ ಐತಿ, ಮೊದಲನೇ ಸಾಲಿನಾಗ.”

ಶಿಕ್ಷಕರು ನಕ್ಕರು. ಅವನು ನಗಲಿಲ್ಲ. ಅವರ ಕಡೆ ತಿರುಗಿ ಮುಂದುವರಿಸಿದ: “ದೊಡ್ಡೋರಿಗಷ್ಟ ಪುಣ್ಯ ಸಿಗತೈತಿ ಅಂತ ತಿಳೀಬ್ಯಾಡ್ರಿ, ಸಣ್ಣೋರಿಗೂ ಸಿಗತೈತಿ ಅಂತ ಬರಸ್ಯಾನ್ರೀ ರಾಜಾ. ಇಬ್ಬರಿಗೂ ಹೇಳ್ರಿ ಅಂದಾನ.”

ನಾನು ಅದನ್ನು ದಿನಚರಿಯಲ್ಲಿ ಬರೆದೆ — ಬಿರುಕಿನ ಮಾತನ್ನು. ರಾಜನ ಮಾತನ್ನು ಬರೆಯಲಿಲ್ಲ.

ಆದ್ದರಿಂದ ಮಾರ್ತಾ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕನ್ನಡಿ. ಇವಳು ಅವನನ್ನು ನೋಡುತ್ತಾಳೆ, ಅವನನ್ನೇ ಬರೆಯುತ್ತಾಳೆ, ನಾನು ಪಕ್ಕದಲ್ಲಿ ನಿಂತು ಭಾಷಾಂತರಕಾರನಾಗಿ ಉಳಿಯುತ್ತೇನೆ... ಇಂಗ್ಲಿಷಿನಲ್ಲಿ ಹೇಳಿದೆ: ಬೀಗ ಹಾಕಿದೆ. ಕಾವಲುಗಾರ ಬರುವುದೇ ಅಪರೂಪ.

ಬೀಗಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂಬುದು ಶರಣಮ್ಮನಿಗೆ ಗೊತ್ತಿತ್ತು. ಒಳಗಿನಿಂದ ಹೊಸ್ತಿಲಿಗೆ ಬಂದು ನಿಂತಳು.

“ಮುಂಜಾನಿ ಹನುಮಪ್ಪ ಊಟದ ಡಬ್ಬಿ ಹಿಡಕೊಂಡು ಗುಡ್ಡಕ್ಕ ಹೋದನಲ್ರೀ. ನಿಮಗ ಶರಣು ಅಂದಾನ.”

“ನೀ ಸುಮ್ಮನಿರು,” ಎಂದೆ.

ಅವಳು ಒಳಗೆ ಹೋದಳು. ಮಾರ್ತಾ, ಏನಂದರು ಎಂದು ಕೇಳಿದಳು. ದಾರಿಗೆ ರೊಟ್ಟಿ ಕಟ್ಟಿಕೊಡುತ್ತಾಳಂತೆ ಎಂದೆ. ಶರಣಮ್ಮ ನಿಜವಾಗಿಯೂ ಕಟ್ಟಿಕೊಟ್ಟಳು.

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಮುದಗಲ್ಲಿಗೆ ಹೋದೆವು. ಕೋಟೆಯನ್ನು ನಾನು ಚೆನ್ನಾಗಿಯೇ ತೋರಿಸಿದೆ, ಅದರಲ್ಲಿ ಸುಳ್ಳಿಲ್ಲ. ಕಂದಕದ ದಂಡೆಯಲ್ಲಿ ಕೂತು ಅವಳು ಚಟ್ನಿಯ ಖಾರಕ್ಕೆ ಕಣ್ಣೀರು ಒರೆಸಿಕೊಂಡು ನಕ್ಕಳು. ಬಾಗಿಲುಗಳ ಮೇಲಿನ ಉಬ್ಬುಚಿತ್ರಗಳನ್ನು ಒಂದೊಂದಾಗಿ ನೋಡಿದಳು; ಆತುರವೆಂಬುದೇ ಇರಲಿಲ್ಲ ಆ ಹೆಂಗಸಿಗೆ. ನಾನು ಮಾತು ಮರೆತಲ್ಲಿ ಕಾಯುತ್ತಿದ್ದಳು. ಅಷ್ಟು ಗೌರವದಿಂದ ನನ್ನ ಮಾತು ಕೇಳಿದವರು ನನ್ನ ವೃತ್ತಿಜೀವನದಲ್ಲಿ ಎಷ್ಟು ಜನ? ಇಳಕಲ್ಲಿನ ಬಸ್ಸು ಹತ್ತುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು. ಅಂಥವಳಿಂದ — ನಾನು — ಇಡೀ ದೇಶದಲ್ಲಿ ಅವಳು ಹುಡುಕುತ್ತಿದ್ದಂಥ ಒಬ್ಬ ಮನುಷ್ಯನನ್ನೇ ಬಚ್ಚಿಟ್ಟಿದ್ದೆ.

ಪುಸ್ತಕ ಅಂಚೆಯಲ್ಲಿ ಬಂತು. ಅದರ ಸುದ್ದಿ ಒಂದು ಸ್ಥಳೀಯ ಪತ್ರಿಕೆಗೆ ತಲುಪಿತು. ವಿದೇಶಿ ಅತಿಥಿಗೆ ಬೀಗ ತೋರಿಸಿದ ಮಸ್ಕಿ ಎಂದು ಬರೆದರು. ಮೇಲಿನಿಂದ ಗುತ್ತೇದಾರನಿಗೆ ಮಾತು ಬಂತು. ಹನುಮಪ್ಪ ಹೊರಗೆ ಬಿದ್ದ. ಅದೇ ತಿಂಗಳು ಸಿಂಧನೂರಿನಲ್ಲಿ ನನಗೆ ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೊದಲನೆಯ ಸಾಲಿನ ಕುರ್ಚಿ. ಮಾತಾಡಲು ಎದ್ದಾಗ ನಾನು ಬೀಗದ ಕಥೆಯನ್ನು ಮತ್ತೊಮ್ಮೆ ಹೇಳಿದೆ, ಈ ಸಲ ಕನ್ನಡದಲ್ಲಿ, ನೊಂದವನಂತೆ. ಜನ ಚಪ್ಪಾಳೆ ತಟ್ಟಿದರು. ಶರಣಮ್ಮ ಆ ಸಭೆಗೆ ಬಂದಿರಲಿಲ್ಲ. ಮೈಯಾಗ ನೆಟ್ಟಗಿಲ್ಲ ಅಂದಿದ್ದಳು.

ಸಭೆ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ ಅಲ್ಲಿ ಹನುಮಪ್ಪ. ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ನನ್ನ ಹೆಗಲ ಮೇಲೆ ಇನ್ನೂ ಶಾಲಿತ್ತು.

“ಶರಣ್ರೀ ಸರ್. ನಿಮ್ಮ ಹೆಸರು ಪುಸ್ತಕದಾಗ ಬಂದೈತಂತ, ಭಾಳ ಖುಷಿ ಆತ್ರೀ.”

ಹೇಗಿದ್ದೀ ಎಂದೆ.

“ಗಿರಣ್ಯಾಗ ಗೇಟ್ ಕಾಯಾಕತ್ತೀನ್ರೀ. ಅಲ್ಲಿ ನೋಡಾಕ ಯಾರೂ ಬರಂಗಿಲ್ಲ, ಬರೇ ಲಾರಿ ಬರ್ತಾವ. ಲಾರಿಗೆ ಏನಂತ ಓದಿ ಹೇಳ್ಲಿ?” ತಾನೇ ನಕ್ಕ. ಆಮೇಲೆ ದನಿ ತಗ್ಗಿಸಿದ. “ಸರ್, ಆವತ್ತು ನಾ ಕಲ್ಲಿನ ಹತ್ರಾನ ಇದ್ದೆ ರೀ. ಗುತ್ತೇದಾರ, ಸಾಕ್ಷಿ ಕರಕೊಂಬಾ, ಮತ್ತ ತಗೋತೀನಿ ಅಂದಾನ. ಯಾರೋ ನಿಮಗ ಸುಳ್ಳು ಹೇಳಿರಬೇಕ್ರೀ, ಬೀಗ ಹಾಕೈತಿ ಅಂತ. ಯಾರು ಹೇಳಿದ್ರು ಅಂತ ನೆನಪೈತೇನ್ರೀ?”

ಅವನು ನನ್ನನ್ನು ಅನುಮಾನಿಸಿರಲಿಲ್ಲ. ಮೋಸಹೋದವನು ನಾನೆಂದೇ ತಿಳಿದು, ನನಗಾಗಿ ಮರುಗುತ್ತಿದ್ದ.

ಯಾವ ಮದುವೆಯಲ್ಲಿ ಯಾರು ನನಗೆ ಕುರ್ಚಿ ಕೊಡಲಿಲ್ಲವೆಂಬುದನ್ನು ಇಂದಿಗೂ ಹೇಳಬಲ್ಲ ನಾನು, ಅವನ ಮುಖ ನೋಡಿ ಅಂದೆ:

“ನೆನಪಿಲ್ಲಪ್ಪ.”

“ಇರಲಿ ಬಿಡ್ರಿ,” ಎಂದ ಹನುಮಪ್ಪ. “ವಯಸ್ಸಾದ ಮ್ಯಾಲ ಹಂಗ ಆಗತೈತಿ.” ನನ್ನ ಹಣ್ಣಿನ ಬುಟ್ಟಿಯನ್ನು ಬಸ್ಸಿನೊಳಗೆ ತಾನೇ ಇಟ್ಟು ಇಳಿದುಹೋದ.

ಅವನಾಡಿದ್ದು ಬಿರುಕನ್ನು ಬಿರುಕೆನ್ನುವ ಒಂದು ಮಾತು. ನಾನಾಡಿದ್ದು ಸುಳ್ಳು — ಮೂರು ಸಲ. ಮನೆಯಲ್ಲಿ, ಸಭೆಯಲ್ಲಿ, ಅವನೆದುರಿಗೆ. ನನಗೆ ಅವಮಾನವಾಗಿತ್ತು ಎಂದು ಬರೆಯಲು ಲೇಖನಿ ಎತ್ತಿದ್ದೆ, ಬರೆಯುವುದಿಲ್ಲ. ಅವನ ಕೆಲಸ ಹೋದದ್ದು, ಆ ಪುಸ್ತಕದಲ್ಲಿ ಅವನಿಗೆ ಸಲ್ಲಬೇಕಿದ್ದ ಪುಟ ನನಗೆ ಸಂದದ್ದು, ನನ್ನ ಊರಿನ ಬಂಡೆ ಮುಚ್ಚಿದ ಬಾಗಿಲೆಂದು ದೂರದ ದೇಶಗಳಲ್ಲಿ ಓದಿಸಿಕೊಳ್ಳುವುದು — ಇವಕ್ಕೆ ನನ್ನ ಅವಮಾನ ಉತ್ತರವಲ್ಲ.

ಮಾರ್ತಾಳಿಗೆ ಪತ್ರ ಬರೆದಿದ್ದೇನೆ. ನೀವು ಮೆಚ್ಚಿದ ಮನುಷ್ಯ ನಿಮಗೆ ಸುಳ್ಳು ಹೇಳಿದ, ಮುಂದಿನ ಮುದ್ರಣದಲ್ಲಿ ಅದನ್ನು ಹಾಗೆಯೇ ಬರೆಯಿರಿ ಎಂದು. ಗುತ್ತೇದಾರನಿಗೂ, ಅವನ ಮೇಲಿನವರಿಗೂ ಸಹಿ ಹಾಕಿದ ಹೇಳಿಕೆ ಕಳುಹಿಸಿದ್ದೇನೆ. ಸೋಮವಾರ ಗಿರಣಿಯ ಗೇಟಿಗೆ ನಾನೇ ಹೋಗುತ್ತೇನೆ. ಅವನು ಕ್ಷಮಿಸುತ್ತಾನೋ ಇಲ್ಲವೋ — ಕೇಳುವ ಹಕ್ಕು ನನಗಿಲ್ಲ, ಹೇಳುವ ಕರ್ತವ್ಯವಿದೆ.

ಇನ್ನು ಅವನನ್ನು ಹೊರಗೆ ಹಾಕಿದವರಿಗೆ, ನನಗೆ ಶಾಲು ಹೊದಿಸಿದವರಿಗೆ, ಆ ಸುದ್ದಿ ಅಚ್ಚು ಹಾಕಿದವರಿಗೆ — ಮತ್ತು ಮೊದಲಿಗೆ, ಈ ಸಾಲು ಬರೆಯುತ್ತಿರುವ ನನಗೇ — ಒಂದು ಮಾತು ಕೇಳಬೇಕಿದೆ. ನಾನು ಸುಳ್ಳು ಹೇಳಿದಾಗ ನಮ್ಮಲ್ಲಿ ಒಬ್ಬರೂ ಸಾಕ್ಷಿ ಕೇಳಲಿಲ್ಲ. ಹನುಮಪ್ಪ ನಿಜ ಹೇಳಿದಾಗ, ಅದಕ್ಕೆ ಸಾಕ್ಷಿ ಏಕೆ ಬೇಕಾಯಿತು?