ಬೋರ್ಡು ಹಿಡಿದ ಕೈ

ಬಿಲ್ಕೀಸ್ ಅಮೆರಿಕದ ಪ್ರಜೆಯಾದದ್ದು ಎರಡು ಸಾವಿರದ ಇಸವಿಯ ಏಪ್ರಿಲ್‌ನಲ್ಲಿ. ವಿಜಾಪುರ ಬಿಟ್ಟು ಹದಿಮೂರು ವರ್ಷವಾಗಿತ್ತು. ನೆವಾರ್ಕಿನ ಡೇಕೇರ್ ಒಂದರಲ್ಲಿ ಅಡುಗೆ ಮಾಡುತ್ತಿದ್ದಳು. ಮೊದಲ ಸಲ ಓಟು ಹಾಕುವ ಹುರುಪು ಬೇರೆ. ನಗರಸಭೆಗೆ ನಿಂತಿದ್ದ ಪೆನ್ನಿಂಗ್ಟನ್, ಮಗಳ ಶಾಲೆಯ ಮುಂದಿನ ಲಾರಿ ರಸ್ತೆಗೆ ಸಿಗ್ನಲ್ ಹಾಕಿಸುತ್ತೇನೆಂದಾಗ ಅವನ ಪರ ಆರು ವಾರ ಮನೆಮನೆ ತಿರುಗಿದಳು.

ಅಕ್ಟೋಬರ್ ಕೊನೆಗೆ ಅವನ ಕರಪತ್ರ ಅಂಚೆಯಲ್ಲಿ ಬಂತು. ಪಾರ್ಕಿನಲ್ಲಿ ಕಾರ್ಯಕರ್ತರ ನಡುವೆ ತೆಗೆಸಿಕೊಂಡಿದ್ದ ಫೋಟೊ. ಮಗಳು ಮೆಹ್ರೀನ್ ಅದನ್ನು ನೋಡಿ, “ಮಾಮ್, ವೇರ್ ಆರ್ ಯು?” ಎಂದಳು.

ಬಿಲ್ಕೀಸ್ ನಿಂತಿದ್ದ ಜಾಗದಲ್ಲೊಂದು ಪೊದೆಯಿತ್ತು. ಪೊದೆಯೊಳಗಿಂದ ಹಸಿರು ಬಳೆ ತೊಟ್ಟ ಕೈಯೊಂದು ಚಾಚಿ ಪೆನ್ನಿಂಗ್ಟನ್ ಹೆಸರಿನ ಬೋರ್ಡು ಹಿಡಿದಿತ್ತು.

ಅವಳು ನೆಟ್ಟಗೆ ಪ್ರಚಾರದ ಆಫೀಸಿಗೆ ಹೋದಳು. ಕಾರ್ಯಕರ್ತರನ್ನು ನೋಡಿಕೊಳ್ಳುತ್ತಿದ್ದವನು ಉಡುಪಿಯ ಗುರುದತ್, ಅವಳನ್ನು ಪ್ರಚಾರಕ್ಕೆ ಕರೆತಂದವನೂ ಅವನೇ.

“ನನ್ ಕೈ ಬೇಕು, ಮಾರಿ ಬ್ಯಾಡೇನ್ರಿ?”

“ಹಾಗಲ್ಲ ಬಿಲ್ಕೀಸ್, ಕನ್ಸಲ್ಟೆಂಟು ಹೇಳಿದ್ರು, ತಲೆ ಮೇಲಿನ ಸ್ಕಾರ್ಫು ಕೆಲವು ವೋಟರ್ಸಿಗೆ ಇಶ್ಯೂ ಆಗುತ್ತೆ ಅಂತ. ಗೆದ್ದ ಮೇಲೆ ವೆಬ್‌ಸೈಟಲ್ಲಿ ಹಾಕ್ತೀವಿ.”

“ಬಾಗ್ಲಾ ಬಡ್ಯಾಕ ಹೋದಾಗ ಇದ ಸ್ಕಾರ್ಫ್ ಇತ್ತಲ್ಲ?”

ಗುರುದತ್ ಫೋನೆತ್ತಿಕೊಂಡ. ಅದು ರಿಂಗಾಗಿರಲಿಲ್ಲ.

“ಸಿಟಿಜನ್ ಆಗಿ ವರ್ಷ ತುಂಬಿಲ್ಲ, ಯಾಕ ಜಗಳ?” ಎಂದು ಗಂಡ ಕಲೀಮ್ ಗೋಗರೆದ. ಅವಳು ಕೇಳಲಿಲ್ಲ. ನಾಲ್ಕು ಸಂಜೆ ಅದೇ ಮನೆಗಳ ಬಾಗಿಲು ಮತ್ತೆ ತಟ್ಟಿದಳು. ಕರಪತ್ರ ತೋರಿಸಿ, ಈ ಕೈ ನನ್ನದು, ಇವನಿಗೆ ಓಟು ಹಾಕಿ ಅಂದಿದ್ದೆ, ಆ ಮಾತು ವಾಪಸ್ ತಗೊಳ್ಳುತ್ತೇನೆ ಎಂದಳು. ಕೆಲವರು ನಕ್ಕರು. ಒಬ್ಬ ಪೋರ್ಚುಗೀಸ್ ಮುದುಕಿ ಅವಳನ್ನು ಒಳಗೆ ಕೂರಿಸಿ, ಕನ್ನಡಕ ಹಾಕಿಕೊಂಡು ಕೈಯನ್ನೂ ಫೋಟೊವನ್ನೂ ಬಹಳ ಹೊತ್ತು ನೋಡಿ, ಪೆನ್ನಿಂಗ್ಟನ್‌ನನ್ನು ಬಾಯಿತುಂಬ ಬೈದಳು.

ಪೆನ್ನಿಂಗ್ಟನ್ ಗೆದ್ದ. ಸಲೀಸಾಗಿಯೇ ಗೆದ್ದ.

ಮೂರು ವಾರದ ನಂತರ ಇಂಡಿಯನ್ ಗ್ರೋಸರಿಯ ಬಾಗಿಲಲ್ಲಿ ಗುರುದತ್ ಸಹಿ ಸಂಗ್ರಹಿಸುತ್ತಿದ್ದ. ಅಧ್ಯಕ್ಷರ ಚುನಾವಣೆಯಲ್ಲಿ ಎಣಿಸದೆ ಬಿಟ್ಟ ಫ್ಲೋರಿಡಾದ ಓಟುಗಳನ್ನೆಲ್ಲ ಎಣಿಸಬೇಕೆಂಬ ಅರ್ಜಿ. ಅವಳನ್ನು ಕಂಡವನೇ ಏನೂ ಆಗಿಲ್ಲವೆಂಬಂತೆ ಪೆನ್ನು ಚಾಚಿದ.

“ಜನರನ್ನ ಲೆಕ್ಕಕ್ಕೇ ತಗೊಳ್ಳಲ್ಲ ಅಂದ್ರೆ ಇದೆಂಥ ಡೆಮಾಕ್ರಸಿ, ಹೇಳಿ!”

ಬಿಲ್ಕೀಸಳ ಮೈ ಉರಿದುಹೋಯಿತು. “ಇದ ಮಾತು ನಿಮ್ ಆಫೀಸ್ನಾಗ ಅಂದಿದ್ರ ನಿಮ್ಮನ್ನ ಗಂಡ್ಸು ಅಂತಿದ್ದೆ!” ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುರುದತ್ ಕಿವಿಯವರೆಗೂ ಕೆಂಪಾದ.

ಆದರೂ ಅವಳು ಅರ್ಜಿಯನ್ನು ಎಳೆದುಕೊಂಡು ಸಹಿ ಹಾಕಿದಳು. ಫ್ಲೋರಿಡಾದವರು ಅವಳಿಗೇನೂ ಅನ್ಯಾಯ ಮಾಡಿರಲಿಲ್ಲ. ಹೆಸರನ್ನು ಎರಡು ಸಾಲು ತುಂಬುವಷ್ಟು ದಪ್ಪಕ್ಷರದಲ್ಲಿ ಬರೆದು, ಪೆನ್ನನ್ನು ಮೇಜಿನ ಮೇಲೆ ಕುಕ್ಕಿ, ಸಾಮಾನು ಕೊಳ್ಳದೆ ಹೊರಬಿದ್ದಳು.